ತೊಳೆದ ನೀರು

ಕೋಟೆಯೊಳಗಿನ ಮಣ್ಣು ನಾಲಿಗೆ ಮ್ಯಾಲಿಟ್ಟು ನೋಡಬೇಕು.
ಬಿಸಿಲು ಕಾಣದ, ಮಳೆ ತಾಗದ ಕೋಣೆಯ ಮಣ್ಣು;
ಚುರ್ ಅಂದ್ರ ಕೆಲಸದ್ದು, ಸಪ್ಪಗಿದ್ರ ಉಗುಳು.
ಗೌಸೋದ್ದೀನ ಉಸ್ತಾದರು ಕಲಿಸಿದ್ದು ಇಷ್ಟೇ,
ಉಳಿದದ್ದು ಚಾಣ ಕಲಿಸಿತು.

ಇಪ್ಪತ್ತೆರಡು ವರ್ಷ ಆಯ್ತು ಬಿದರಿ ಕೆಲಸಕ್ಕ ಕೂತು.
ಮಣ್ಣು, ನವಸಾಗರ, ಕುದಿಯೋ ನೀರು.
ಬೂದು ಹೂಜಿ ಅದರೊಳಗ ಮುಳುಗಿ
ಕಾಗಿಗಿಂತ ಕಪ್ಪಾಗಿ ಮ್ಯಾಲೇಳ್ತದ,
ಬೆಳ್ಳಿ ಎಳೆ ಮಾತ್ರ ಹಾಂಗೇ ಬೆಳ್ಳಗ.
ಆ ಕಪ್ಪಿಗೇ ನನ್ನ ಕೂಲಿ.

ತಮ್ಮ ದಾನಿಯೇಲನ ಕೂಲಿ ಕಪ್ಪು ತೆಗೆಯೋದಕ್ಕ.
ಎಲ್ಲೋ ಸಮುದ್ರದ ದಂಡಿಗೆ ಒಂದು ಅಣುಸ್ಥಾವರ,
ಗುತ್ತೇದಾರನ ಕೈಕೆಳಗ ನಲವತ್ತು ಮಂದಿ.
ವರ್ಷಗಟ್ಟಲೆ ಬಿಸಿನೀರು ಹರಿದು ಹರಿದು
ಪೈಪಿನ ಒಳಮೈಗೆ ಕರೀ ಪೊರಿ ಕೂತಿರ್ತದಂತ,
ಆ ಪೊರಿಯೊಳಗ ಕೋಬಾಲ್ಟು.
"ಕಣ್ಣಿಗೆ ಕಾಣಂಗಿಲ್ಲಕ್ಕ, ಮೀಟರು ಮಾತ್ರ ಬಡಕೋತದ."

ಕ್ರಿಸ್ಮಸ್ಸಿಗೆ ಬಂದಾಗ ತಾಟಿನ ಮುಂದ ಕೂತು ಹೇಳಿದ:
ಲಿಂಬಿ ಹುಳಿಯಂಥದೊಂದು ಆಸಿಡ್ಡು,
ಅದರ ಜೋಡಿ ಇನ್ನೊಂದು ಔಷಧ, ಅದಕ್ಕ ಏಡಿಯ ಕೊಂಡಿ ಅದಾವ;
ಕಬ್ಬಿಣ ಹಿಡೀತದ, ಕೋಬಾಲ್ಟು ಹಿಡೀತದ,
ಹಿಡಿದದ್ದು ಬಿಡಂಗಿಲ್ಲ.
"ಸಾವಿರ ಪಾಲು ನೀರಿಗೆ ಒಂದೇ ಪಾಲು, ಏನಾಗಂಗಿಲ್ಲ"
ಅಂದಾರ ಇಂಜಿನಿಯರ್ರು.
ಮೂರು ದಿನ ತಿರುಗಿಸಿದ್ರ ಪೈಪು
ಈಗ ತಾನೇ ಎರಕ ಹೊಯ್ದಂಗ.

ನಾನು ಕೇಳಿದೆ: ತೊಳೆದ ನೀರು?

ರೊಟ್ಟಿ ಮುರಿಯೋದು ನಿಲ್ಲಿಸಿದ.
ಸಾಸಿವಿಯಂಥ ರಾಳದ ಕಾಳು ಇರ್ತಾವ, ಅವು ಹೀರಿಕೋತಾವ.
ಆ ಕಾಳು?
ಸಿಮೆಂಟಿನಾಗ ಕಲಸಿ ಡ್ರಮ್ಮಿಗೆ ತುಂಬ್ತಾರ.
ಡ್ರಮ್ಮು?
ನೆಲದಾಗ.
ನೆಲ?
"ಪೊಲೀಸರ ಹಾಂಗ ಕೇಳಬ್ಯಾಡ" ಅಂತ ನಕ್ಕ.

ನಾನು ನಗಲಿಲ್ಲ. ಬೀದರದ ನೆಲ ನನಗ ಗೊತ್ತದ.
ಮ್ಯಾಲೆ ತೂತು ತೂತಿನ ಕೆಂಪುಕಲ್ಲು, ಕೆಳಗ ಕರಿಕಲ್ಲು,
ನಡುವಿನ ಸಂದಿ ಹಿಡಿದು ನೀರು ನಡೀತದ.
ನೌಬಾದಿನ ಸುರಂಗ ಬಾವಿಗೆ ಇಳಿದವರು ಹೇಳ್ತಿದ್ರು,
ಇಲ್ಲಿ ಬಿದ್ದ ಬಿಂದಿಗಿ ಸಪ್ಪಳ
ಅಲ್ಲೆಲ್ಲೋ ಮೂರನೇ ಬಾವಿಯೊಳಗ ಕೇಳ್ತದಂತ.
ಕೆಟ್ಟದ್ದನ್ನ ತಡದು ಹಿಡಕೊಳ್ಳೋದು ಮಣ್ಣಿನ ಗುಣ,
ಆದರ ಏಡಿ ಮೊದಲೇ ಹಿಡಕೊಂಡಿದ್ರ
ಮಣ್ಣಿನ ಕೈಗೆ ಏನು ಸಿಕ್ಕೀತು?
ಡ್ರಮ್ಮಿಗೆ ಕೂದಲೆಳೆಯ ಬಿರುಕು ಸಾಕು.

ಮರುದಿನ ಅವನ ಅಂಗಿ ಒಗೀಲಿಕ್ಕೆ ತಗೊಂಡೆ.
ಕಿಸೆಯೊಳಗ ಬೆರಳಗಲದ ಬಿಲ್ಲೆ, ಮ್ಯಾಲೆ ನಂಬರು.
"ಅಯ್ಯ, ವಾಪಸ್ ಕೊಡೋದು ಮರ್ತೀನಿ.
ಎದಿಮ್ಯಾಲೆ ಇರಬೇಕದು, ಎಷ್ಟು ಉಂಡೀವಿ ಅಂತ ಬರಕೋತದ.
ಲೆಕ್ಕ ತುಂಬಿದ್ರ ಮನಿಗೆ ಕಳಿಸ್ತಾರ.
ಅದಕ್ಕ ಒಂದೊಂದು ದಿನ ಪೆಟ್ಟಿಗಿಯೊಳಗ ಇಟ್ಟು ಹೋಗ್ತೀವಿ."

ಪೆಟ್ಟಿಗಿಗೆ ಎಷ್ಟು ತಾಗಿತೋ ಅದನ್ನ ಬಿಲ್ಲೆ ಖರೇ ಹೇಳ್ತದ.
ದಾನಿಯೇಲನ ಸುದ್ದಿ ಅದಕ್ಕ ಗೊತ್ತಿಲ್ಲ.

ಹೊಸ ವರ್ಷದ ಮರುದಿನ ಬಸ್ಸು ಹತ್ತಿದ.
ಫೋನು ಮಾಡ್ತಾನ, ಊಟ ಆಯ್ತು ಅಂತಾನ,
ಆಮ್ಯಾಲೆ ಇಬ್ಬರೂ ಸುಮ್ಮನಿರ್ತೀವಿ.
ಮಾರ್ಚಿನಾಗ ಇನ್ನೊಂದು ಪೈಪು ಅದ ಅಂತ.

ಇವತ್ತು ಆರು ಡಬ್ಬಿ, ಒಂದು ಹುಕ್ಕಾದ ಬುಡ ಮುಗಿಸಿದೆ.
ಎಣ್ಣಿ ತಿಕ್ಕಿ ಸಾಲಾಗಿ ಇಟ್ಟೆ.
ಬೋಗುಣಿಯೊಳಗ ಬೂದು ನೀರು ಉಳಿದದ,
ಸತುವು, ಉಪ್ಪು, ಕೋಟೆಯ ಮಣ್ಣಿನ ಚುರುಕು.
ಇಪ್ಪತ್ತೆರಡು ವರ್ಷ ಓಣಿ ಮೋರಿಗೆ ಚೆಲ್ಲೀನಿ,
ಒಂದು ದಿನಾನೂ ಕೇಳಿಲ್ಲ
ಮೋರಿ ಎಲ್ಲಿಗೆ ಹೋಗ್ತದಂತ.

ಹೊಸ್ತಿಲ ಮ್ಯಾಲೆ ನಿಂತೀನಿ.
ಎದುರು ಮನಿ ಜಗದೇವಿ ನಲ್ಲಿಗೆ ಕೊಡ ಹಚ್ಯಾಳ,
"ಚೆಲ್ಲು, ನಾ ಸರೀತೀನಿ" ಅಂತ ಸೀರಿ ಎತ್ತಿ ಹಿಡದಾಳ.
ಬೋಗುಣಿ ಭಾರ ಆಗ್ಲಿಕತ್ತದ.