ಮೂರು ಸಲ

ಮೂವತ್ತೊಂದು ವರ್ಷ ಹೆಸರು ಕೂಗಿದವನು ನಾನು,
ಕೋಲಾರದ ಕೋರ್ಟಿನ ದಲಾಯತ.
ಬೇವಿನ ಮರದ ತನಕ ಕೇಳಬೇಕು,
ಕಕ್ಷಿದಾರ ಬೀಡಿ ಆರಿಸಿ ಓಡಿಬರಬೇಕು,
ಅಷ್ಟು ಗಂಟಲಿದ್ದರೆ ಸಾಕು ಎಂದುಕೊಂಡಿದ್ದೆ.

ಬಾಗಿಲಿಗೆ ಹೊಸ ಹಲಗೆ ಬಂತು: ಅಮಲೋರ್ಪವಂ.
ನಾಲಗೆ ಎರಡು ಕಡೆ ಎಡವಿತು.
‘ಅಮಲಮ್ಮ ಅಂದರೆ ಸಾಲದಾ’ ಎಂದರು ಶಿರಸ್ತೇದಾರರು.
ಒಳಗಿನಿಂದ ದನಿ: ‘ಇಡೀ ಹೆಸರು. ಅವಸರವೇನಿಲ್ಲ.’

ಕರೆಂಟು ಹೋದ ಮಧ್ಯಾಹ್ನಗಳಲ್ಲಿ
ಚೂರುಚೂರಾಗಿ ಹೇಳಿದ್ದು ಇದು:
ಹುಟ್ಟಿದ್ದು ಚಿನ್ನದ ಗಣಿಯ ಲೈನಿನಲ್ಲಿ,
ತಗಡು, ಬಿದಿರುತಟ್ಟಿ, ಹತ್ತಡಿಗೆ ಹತ್ತಡಿ.
ಅಪ್ಪ ಆರ್ಕಾಟಿನ ಕಡೆಯಿಂದ ಬಂದವನು,
ಜೇಬಿನಲ್ಲಿ ಯಾರದೋ ವಿಳಾಸ.
ರಾತ್ರಿ ನೆಲದೊಳಗೆ ಬಂಡೆ ಸಿಡಿದರೆ
ಗೂಡಿನ ಲೋಟಗಳು ಗಿಣಿಗಿಣಿ ಎಂದು,
ಹೆಂಗಸರೆಲ್ಲ ಎದ್ದು ಕೂತು
ಯಾವ ಪಾಳಿ ಒಳಗಿದೆಯೆಂದು ಬೆರಳು ಮಡಿಸುತ್ತಿದ್ದರಂತೆ.

ಅಪ್ಪನ ಶ್ವಾಸಕೋಶ ಕಲ್ಲಾದ ಮೇಲೆ
ಪರಿಹಾರ ಕೇಳಲು ಹೋದರೆ
ಸಂಬಳದ ಪುಸ್ತಕದಲ್ಲಿ ಸಿನ್ನಪ್ಪನ್,
ಆಸ್ಪತ್ರೆ ಚೀಟಿಯಲ್ಲಿ ಚಿನ್ನಪ್ಪ,
ಇನ್ನೊಂದು ಕಡೆ ಬರೀ ಸಿನಪ.
‘ಮೂವರಲ್ಲಿ ನೀನು ಯಾರೂ ಅಲ್ಲ’ ಎಂದರಂತೆ.
ಹಿತ್ತಾಳೆ ಬಿಲ್ಲೆಯ ನಂಬರು ಮಾತ್ರ
ಎಲ್ಲ ಕಡೆಯೂ ಒಂದೇ ಇತ್ತು.

ಮನೆಗೆ ತಮಿಳು, ಬೀದಿಗೆ ತೆಲುಗು, ಶಾಲೆಗೆ ಇಂಗ್ಲಿಷು.
ಕನ್ನಡ ಕಲಿತದ್ದು ಬಂಗಾರಪೇಟೆಯ ರೈಲಿನಲ್ಲಿ,
ಯಾರದೋ ಭುಜದ ಮೇಲಿಂದ ಪೇಪರು ಓದಿ.
ಸಿಂದಗಿ, ಕುಷ್ಟಗಿ, ಹರಪನಹಳ್ಳಿ,
ಎರಡು ಟ್ರಂಕು ಹೊತ್ತು ತಿರುಗಿ, ಕಡೆಗೆ ಇಲ್ಲಿ.
ತೀರ್ಪು ಕನ್ನಡದಲ್ಲೇ. ಮಧ್ಯೆ ಪೆನ್ನು ನಿಲ್ಲುವುದು:
‘ಪಿಳ್ಳಪ್ಪ, ಭರಿಸು ಅನ್ನುವುದಕ್ಕೆ ಹೊಟ್ಟೆ ಸೀಳಬೇಕಾ?’

ಹೊಸ ವಕೀಲನೊಬ್ಬ ಕೇಳಿದ್ದ:
‘ಮೇಡಂ, ತಮ್ಮದು ಯಾವ ಊರು?’
‘ಇದೇ ಜಿಲ್ಲೆ.’
‘ಅಲ್ಲ, ಮೂಲ?’
‘ಇದರದೇ ಕೆಳಗೆ. ಒಂಬತ್ತು ಸಾವಿರ ಅಡಿ.’

ಆಮೇಲೆ ಮಾಲೂರಿನ ಇಟ್ಟಿಗೆ ಗೂಡಿನ ಕೇಸು.
ಒಡಿಶಾದ ಹೆಂಗಸು, ಸುಕಮತಿ ಮಾಝಿ,
ಕಂಕುಳಲ್ಲಿ ಮಗು, ಕೈಯಲ್ಲಿ ಪ್ಲಾಸ್ಟಿಕ್ ಚೀಲ.
ಮಾಲೀಕರ ವಕೀಲರು ಹಾಜರಿ ಪಟ್ಟಿ ಎತ್ತಿ ಹಿಡಿದರು:
‘ಇಲ್ಲಿರುವುದು ಖಾಸಿಂ, ಸ್ವಾಮಿ.
ಘಾಸಿರಾಮ ಎಂಬವನು ನಮ್ಮಲ್ಲಿ ದುಡಿದೇ ಇಲ್ಲ,
ದುಡಿಯದವನು ಸಾಯುವುದು ಹೇಗೆ?’

ಅವರು ಪಟ್ಟಿ ನೋಡಿದರು. ಬಹಳ ಹೊತ್ತು ನೋಡಿದರು.
ಫ್ಯಾನಿನ ಸದ್ದು.
‘ಪಿಳ್ಳಪ್ಪ, ಕೂಗಿ.’
ಯಾರನ್ನಮ್ಮಾ, ಸತ್ತವನನ್ನಾ?
‘ಹೌದು. ಹೊಟ್ಟೆ ಸೀಳಿ ಕೂಗಿ.’

ಜಗಲಿಗೆ ಬಂದು ನಿಂತೆ.
ಘಾಸಿರಾಮ ಮಾಝೀ...
ಕಾಗೆ ಹಾರಿತು.
ಘಾಸಿರಾಮ ಮಾಝೀ...
ಟೈಪಿಸ್ಟುಗಳು ಕೈ ನಿಲ್ಲಿಸಿದರು.
ಮೂರನೆಯದಕ್ಕೆ ಬೇವಿನ ಬುಡದಲ್ಲಿ
ಕೆಂಪು ಧೂಳಿನ ಆರು ಗಂಡಸರು ಎದ್ದು ನಿಂತರು,
ಚಪ್ಪಲಿ ಬಿಟ್ಟು, ಒಬ್ಬರ ಹಿಂದೊಬ್ಬರು ಮೆಟ್ಟಿಲೇರಿದರು.
ಅವನ ಜೊತೆ ಮಣ್ಣು ತುಳಿದವರಂತೆ.
ಸಾಕ್ಷಿ ಎಂದರೆ ಏನೆಂದು ಅವರಿಗೆ ಗೊತ್ತಿರಲಿಲ್ಲ.
ಹೆಸರು ಕೇಳಿಸಿತು, ಬಂದೆವು ಎಂದರು.

ಹಣ ಬಂತೋ, ಮೇಲಿನ ಕೋರ್ಟಿಗೆ ಹೋಯಿತೋ,
ನನ್ನ ಗಂಟಲಿನ ವ್ಯಾಪ್ತಿ ಅಲ್ಲಿಯ ತನಕ ಇಲ್ಲ.

ನಿವೃತ್ತಿಯ ಸಂಜೆ ಹಲಗೆ ಬಿಚ್ಚಿದವನೂ ನಾನೇ;
ನಾಲ್ಕು ಸ್ಕ್ರೂ, ಒಂದಕ್ಕೆ ತುಕ್ಕು.
ಜಡ್ಜಿನ ಹೆಸರನ್ನು ಕೋರ್ಟಿನಲ್ಲಿ ಯಾರೂ ಕೂಗುವುದಿಲ್ಲ.
ಮನೆಯಲ್ಲಿ, ಯಾರೂ ಇಲ್ಲದಾಗ, ಕೂಗಿ ನೋಡುತ್ತೇನೆ.
ಈಗ ಒಂದೇ ಕಡೆ ಎಡವುತ್ತೇನೆ.