ಮಲಗಿ ನೋಡಬೇಕು

ವಾಸ್ಕೋದ ಆಸ್ಪತ್ರೆ, ಹೆಂಗಸರ ವಾರ್ಡು, ರಾತ್ರಿ ಎರಡೂವರೆ.
ಔಷಧಿ ಟ್ರಾಲಿ ಬದಿಗೆ ನಿಲ್ಲಿಸಿ, ಚಪ್ಪಲಿ ಬಿಟ್ಟು
ಸಿಸ್ಟರ್ ಎಫಿಜೇನಿಯಾ
ಖಾಲಿಯಿದ್ದ ಏಳನೆಯ ಮಂಚದ ಮೇಲೆ ಮಲಗಿಬಿಟ್ಟರು.

ಸುಸ್ತಾಗಿರಬೇಕು ಅಂದುಕೊಂಡೆ. ಐವತ್ತಾರರ ಹೆಂಗಸು,
ಮೀನಖಂಡದಲ್ಲಿ ಗಂಟುಗಟ್ಟಿದ ನೀಲಿ ನರ.
ನಾನೋ ಗದಗಿನಿಂದ ಬಂದು ಇಪ್ಪತ್ತೇ ದಿನದ ಹುಡುಗಿ,
ಯಾರಾದರೂ ಕಂಡಾರೆಂದು ಬಾಗಿಲಿಗೆ ಅಡ್ಡ ನಿಂತೆ.

ಅವರು ಕಣ್ಣು ಮುಚ್ಚಲಿಲ್ಲ.
'ಬರಕೊ ಬಾಯ್,' ಅಂದರು, 'ಇಲ್ಲಿಂದ ಕಾಣೋದನ್ನ ಬರಕೊ.'
ಟ್ಯೂಬ್‌ಲೈಟು, ನೆಟ್ಟಗೆ ಕಣ್ಣೊಳಗೆ.
ಸೋರಿದ ಚಾವಣಿಯ ಕಂದು ಕಲೆ, ಯಾವುದೋ ದೇಶದ ನಕ್ಷೆಯ ಹಾಗೆ.
ಫ್ಯಾನು. ಮೂರು ರೆಕ್ಕೆ, ಒಂದು ತುಸು ಸೊಟ್ಟ.
ಮತ್ತೆ?
ಮತ್ತೇನಿಲ್ಲ. ಅಷ್ಟೇ.

ಪಕ್ಕದ ಎಂಟರಲ್ಲಿ ಸೀತ್ಲಿಬಾಯಿ.
ಇಂಡಿ ಕಡೆಯ ತಾಂಡಾದವಳು,
ಚಿಕಾಲಿಮ್ಮಿನಲ್ಲಿ ಕಟ್ಟುತ್ತಿದ್ದ ಮನೆಯ ಮೂರನೇ ಮಾಳಿಗೆಯಿಂದ
ಗಾರೆಯ ಬುಟ್ಟಿ ಸಮೇತ ಬಿದ್ದು ಸೊಂಟದ ಮೂಳೆ ಮುರಿದಿದ್ದಳು.
ನಾಲ್ಕು ರಾತ್ರಿ ನಿದ್ದೆಯಿಲ್ಲ. ಗುಳಿಗೆ ಒಂದಿದ್ದದ್ದು ಎರಡಾಯಿತು.
ಹಾಳೆಯ ಮೇಲೆ ಯಾರೋ ಬರೆದಿದ್ದರು:
ರೋಗಿ ಸಹಕರಿಸುತ್ತಿಲ್ಲ.

'ನಿನ್ನ ಭಾಷೆಯವಳು. ಕೇಳು.
ಎಲ್ಲಿ ನೋವು ಅಂತ ಎಲ್ಲರೂ ಕೇಳಿಯಾಯ್ತು,
ಏನು ಕಾಣ್ತದೆ ಅಂತ ಕೇಳು.'

ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ,
'ಆ ಫ್ಯಾನ್ ಐತಲ್ರೀ ಅಕ್ಕಾ, ತಿರಗಕೋಂತ ಅದು ಮ್ಯಾಲ ಹೊಂಟಂಗ,
ನಾ ಕೆಳಗ ಹೊಂಟಂಗ.
ನಾ ಇನ್ನೂ ನೆಲಾ ಮುಟ್ಟಿಲ್ರೀ. ಬೀಳಾಕತ್ತೇನಿ.'

ಸಮಗ್ರ ಶುಶ್ರೂಷೆ ಎಂದರೇನು? ಐದು ಅಂಕ.
ದೇಹ, ಮನಸ್ಸು, ಆತ್ಮ, ಪರಿಸರ ಎಂದು ಬರೆದು
ನಾಲ್ಕು ಪಡೆದವಳು ನಾನು.
ಆ ರಾತ್ರಿ ಮಂಚದ ಗಾಲಿ ತುಕ್ಕು ಹಿಡಿದು ಕಿರುಗುಟ್ಟಿತು.
ಸಿಸ್ಟರ್ ತಮ್ಮ ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆ ಬಿಟ್ಟರು ಅದಕ್ಕೆ.
ಸ್ಟೂಲು ಹತ್ತಿ ಟ್ಯೂಬ್‌ಲೈಟಿನ ಸ್ಟಾರ್ಟರ್ ಬಿಚ್ಚಿ ಜೇಬಿಗಿಳಿಸಿದರು.
ಮೇಲಿನ ಫ್ಯಾನು ನಿಂತಿತು, ಡ್ಯೂಟಿ ರೂಮಿನ ಮೇಜಿನ ಫ್ಯಾನು ಬಂತು.
ಇಬ್ಬರೂ ಉಸಿರು ಬಿಗಿಹಿಡಿದು, ಮೂಳೆಗೆ ಗೊತ್ತಾಗದ ಹಾಗೆ,
ಮಂಚವನ್ನೇ ಕಿಟಕಿಗೆ ತಿರುಗಿಸಿದೆವು.

ಹೊರಗೆ ಬಂದರಿನಲ್ಲಿ ಲಂಗರು ಹಾಕಿದ ಹಡಗುಗಳ ದೀಪ.
ಇದ್ದಲ್ಲೇ ಇರುವಂಥವು.

ಆಮೇಲೆ ಬೋಗುಣಿಯಲ್ಲಿ ಬಿಸಿನೀರು.
ಅವಳ ಕೂದಲಲ್ಲಿ ಇನ್ನೂ ಸಿಮೆಂಟು ಇತ್ತು, ನಾಲ್ಕು ದಿನದ್ದು,
ಬೇರಿನ ಹತ್ತಿರ ಕಲ್ಲಾಗಿ.
ಎಳೆ ಎಳೆ ಬಿಡಿಸಿ ತೊಳೆದರು ಸಿಸ್ಟರ್, ಕೊಂಕಣಿಯಲ್ಲಿ ಏನೋ ಗೊಣಗುತ್ತಾ,
ಬೈಗುಳವೋ ಜಪವೋ ನನಗೆ ತಿಳಿಯಲಿಲ್ಲ.
ಮೊದಲ ನೀರು ಬೂದಿ ಬಣ್ಣ, ಎರಡನೆಯದೂ.
ಮೂರನೆಯದು ತಿಳಿಯಾಗುವ ಹೊತ್ತಿಗೆ
ಸೀತ್ಲಿಬಾಯಿಯ ಕೊರಳು ನನ್ನ ಅಂಗೈಯಲ್ಲಿ ಭಾರವಾಯಿತು,
ನೆಲ ಮುಟ್ಟಿದವರ ಭಾರ.

ಬೆಳಗ್ಗೆ ಪಾವು ಮಾರುವವನ ಸೈಕಲ್ ಹಾರ್ನು
ಕಾಂಪೌಂಡು ಸುತ್ತಿ ಸುತ್ತಿ ಪೊಂಯ್ಗುಟ್ಟಿತು. ಅವಳು ಏಳಲಿಲ್ಲ.
ಡಾಕ್ಟರು ಹಾಳೆ ತಿರುವಿ 'ಎರಡು ಗುಳಿಗೆ ಸಾಕಾಯ್ತು' ಅಂದರು.
ಸಿಸ್ಟರ್ ಹೂಂ ಅಂದರು,
ಗುಳಿಗೆ ಎರಡೂ ಅವರ ಜೇಬಿನಲ್ಲಿ, ಸ್ಟಾರ್ಟರಿನ ಜೊತೆ.

ಮೇಟ್ರನ್ ಕೂಗಾಡಿದರು, ಮಂಚಗಳ ಸಾಲು ಕೆಟ್ಟಿದೆಯೆಂದು,
ಇನ್‌ಸ್ಪೆಕ್ಷನ್ನಿಗೆ ಏನು ಹೇಳಲೆಂದು.
ಮೂರನೆಯ ಮಂಚದ ಅಜ್ಜಿಯನ್ನೂ ಕಿಟಕಿಗೆ ತಿರುಗಿಸಿದ್ದೆವು,
ಅವರು ಆ ವಾರವೇ ಹೋದರು.
ಕಿಟಕಿ ಎಲ್ಲದಕ್ಕೂ ಮದ್ದಲ್ಲ. ಸಿಸ್ಟರಿಗೆ ಅದು ನನಗಿಂತ ಮೊದಲೇ ಗೊತ್ತಿತ್ತು,
ಆದರೂ ಅಜ್ಜಿಯ ಕಾಲುಚೀಲ ಒಗೆದು ಒಣಗಿಸಿ, ಮಡಚಿ, ಮಗಳ ಕೈಗಿಟ್ಟರು.

ಈಗ ಅವರು ನಿವೃತ್ತರು. ವಾರ್ಡಿನ ಕೀಲಿಕೈ ನನ್ನ ಸೊಂಟದಲ್ಲಿ.
ಹೊಸ ಹುಡುಗಿಯರು ಬಂದರೆ ಮೊದಲು ಚಪ್ಪಲಿ ಬಿಡಿಸುತ್ತೇನೆ.
ಹತ್ತು ಮಂಚಗಳ ಮೇಲೂ ನಾನು ಮಲಗಿ ನೋಡಿದ್ದೇನೆ,
ಯಾವುದಕ್ಕೆ ಯಾವ ಕಲೆ, ಯಾವ ಸದ್ದು, ಬಾಯಿಪಾಠ.

ಹನ್ನೊಂದನೆಯದರ ಮೇಲೆ ಮಾತ್ರ ಇನ್ನೂ ಆಗಿಲ್ಲ.
ಅದು ಖಾಲಿಯೇ ಆಗುವುದಿಲ್ಲ.