ತಿಂಡಿ

ಎಲ್ಲರೂ ನೀಲಿಯ ಮೇಲೆ ಹಾಕಿದರು.

ಕೌಲ್ ಬಜಾರಿನ ತಗಡಿನ ಶೆಡ್ಡು,
ಹದಿನೇಳು ಮಿಷಿನ್ನಿಗೆ ಎರಡು ಫ್ಯಾನು.
ದಿನಕ್ಕೆ ಇನ್ನೂರು ಜೇಬು ಹೊಲಿಯುತ್ತೇನೆ
ಯಾರ್ಯಾರೋ ರೊಕ್ಕ ಇಟ್ಟುಕೊಳ್ಳಲಿಕ್ಕೆ.
ಉಗುರ ಸಂದಿಗೆ ನೀಲಿ, ಸೆರಗಿಗೆ ನೀಲಿ,
ಮೂಗು ಒರೆಸಿದರೆ ಅದೂ ನೀಲಿ.
"ಜೀನ್ಸಿನ ಬಣ್ಣ ಮೈಗೆ ಹತ್ತೇತಿ, ಕೆಲಸ ಬಿಡು"
ಅಂದಳು ಬಾಜೂ ಮಿಷಿನ್ನಿನ ಮಾಬುನ್ನಿ.
ಬಿಟ್ಟು ನೋಡಿದೆ ಒಂದೂವರೆ ತಿಂಗಳು.
ಬಣ್ಣ ಹೋಯಿತು. ಅದು ಹೋಗಲಿಲ್ಲ.

ಮೊಣಕೈ ಎರಡೂ, ಮೊಣಕಾಲು ಎರಡೂ,
ಕೂತರೆ ನೆಲ ತಾಗುವಲ್ಲಿ, ಕೂದಲಂಚಿನಲ್ಲಿ
ಸಾಸಿವೆಯಷ್ಟು ನೀರುಗುಳ್ಳೆ, ಗುಂಪು ಗುಂಪು.
ಎಡಕ್ಕೆ ಎದ್ದರೆ ಬಲಕ್ಕೂ ಏಳಬೇಕು,
ಹಟಮಾರಿ ಅವಳಿ ಮಕ್ಕಳ ಹಾಗೆ.
ನೋಡಿದವರಿಗೆ ಕಂಡದ್ದು ಬರೀ ಗೀರು;
ಗುಳ್ಳೆ ಕಣ್ಣು ಬಿಡುವ ಮೊದಲೇ
ಅದರ ತಲೆ ಹಾರಿಸಿರುತ್ತಿದ್ದೆ.

ಔಷಧದ ಅಂಗಡಿ ಹುಡುಗ ಕಜ್ಜಿ ಅಂದ.
ಮನೆಮಂದಿಯೆಲ್ಲ ಕುತ್ತಿಗೆಯಿಂದ ಕೆಳಗೆ
ಮುಲಾಮು ಬಳಿದುಕೊಂಡು ಮಲಗಿದೆವು,
ಅತ್ತೆ ಗೋಡೆಗೆ ಮುಖ ಮಾಡಿ.
ಮರುದಿನದಿಂದ ನನ್ನ ಕೌದಿ ಬೇರೆ, ಚಂಬು ಬೇರೆ.
ಬೇವಿನ ನೀರು. ನಾಗರಕಟ್ಟೆಗೆ ಹಾಲು.
ಬದನೆಕಾಯಿ ಬಿಡು, ಮೀನು ಬಿಡು, ಶೇಂಗಾ ಬಿಡು.
ಗೋಧಿ ಬಿಡು ಅಂತ ಒಬ್ಬರೂ ಅನ್ನಲಿಲ್ಲ.
ಬೀಗರು ಬಂದಾಗ ಹುಗ್ಗಿಯಾಗುವ ಕಾಳು ಅದು,
ಅದರ ಮೇಲೆ ಯಾರು ಸಂಶಯಪಟ್ಟಾರು?

ಹಗಲೆಲ್ಲ ಕುಡಿದ ಬಿಸಿಲನ್ನು
ಬಂಡೆ ರಾತ್ರಿ ಉಗುಳುವ ಊರು ಇದು.
ಬಾಚಣಿಗೆಯಿಂದ, ತೆಂಗಿನ ನಾರಿನಿಂದ,
ಒಮ್ಮೆ ಬಾಗಿಲ ಚೌಕಟ್ಟಿಗೇ ಉಜ್ಜಿಕೊಂಡೆ, ಎಮ್ಮೆಯಂತೆ.
"ಜ್ವಾಳದ ಚೀಲಕ್ಕ ಇಲಿ ಬಿದ್ದಂಗ ಸಪ್ಪಳ"
ಅನ್ನುತ್ತಿದ್ದ ಹನುಮೇಶ, ಆಚೆ ಹೊರಳಿ.

ವಿಮ್ಸಿನ ಚರ್ಮದ ಡಾಕ್ಟರು ಮೈಸೂರ ಕಡೆಯವರು.
"ತಿಂಡಿ ಎಷ್ಟೊತ್ತಿಗೆ?" ಕೇಳಿದರು.
"ರಾತ್ರಿ ಹತ್ತರ ಮ್ಯಾಲೆ, ಮೇಡಂ."
"ಅಷ್ಟು ತಡವಾಗಿಯಾ? ಏನು ತಿಂಡಿ?"
"ಸುಡೋ ತಿಂಡಿ. ರಕ್ತ ಬರೋತನ ಬಿಡಂಗಿಲ್ಲ."
ಪೆನ್ನು ನಿಂತಿತು.
ಬಾಗಿಲ ಬಳಿಯ ಆಯಾ ನಕ್ಕೂ ನಕ್ಕೂ ಬಿಡಿಸಿ ಹೇಳಿದಳು:
ನಮ್ಮಲ್ಲಿ ಅದು ತುರಿಕೆ, ನಿಮ್ಮಲ್ಲಿ ನಾಷ್ಟಾ.
ಡಾಕ್ಟರು ನಗಲಿಲ್ಲ.
ನನ್ನ ಮೊಣಕೈಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿ
"ಎರಡನ್ನೂ ಹೇಳಿ" ಅಂದರು.

ಬೆಳಿಗ್ಗೆ ರವೆ ಉಪ್ಪಿಟ್ಟು. ಹನ್ನೊಂದಕ್ಕೆ
ಮಾಲೀಕರ ಲೆಕ್ಕದಲ್ಲಿ ಬನ್ನು, ಚಹಾ.
ಡಬ್ಬಿಯಲ್ಲಿ ಚಪಾತಿ; ರೊಟ್ಟಿ ಬಡಿಯಲು ಹೊತ್ತೆಲ್ಲಿ?
ಸಂಜೆ ಟೋಸ್ಟು.
ಅಕ್ಕಿಕಾಳಷ್ಟು ಚರ್ಮ ಕೊಯ್ದು ಎಲ್ಲಿಗೋ ಕಳಿಸಿದರು.
ಮೂರು ವಾರಕ್ಕೆ ಚೀಟಿ ಬಂತು:
ಗೋಧಿ ಹೋಗುವುದು ಹೊಟ್ಟೆಗೆ,
ಜಗಳ ಏಳುವುದು ಮೈಮೇಲೆ.
ಎರಡಕ್ಕೂ ಒಂದೇ ಮಾತು ಇಟ್ಟ
ನಮ್ಮ ಕುಷ್ಟಗಿಯ ಮುದುಕಿಯರು
ಏನು ತಿಳಿದು ಇಟ್ಟಿದ್ದರೋ, ಸುಮ್ಮನೆಯೋ.

ಗುಳಿಗೆ ನಾಲ್ಕೇ ದಿನಕ್ಕೆ ನಿದ್ದೆ ತಂದಿತು.
ಈಗ ಆರಕ್ಕೇ ಗಿರಣಿಗೆ ಹೋಗುತ್ತೇನೆ,
ಗೋಧಿಯ ಚೀಲಗಳು ಸಾಲು ಹಚ್ಚುವ ಮೊದಲು.
ಇಮಾಮಸಾಬ ಎರಡು ಬೊಗಸೆ ಜೋಳ ಸುರಿದು
ಕಲ್ಲಿನ ಗಂಟಲು ತೊಳೆಯುತ್ತಾನೆ;
ಆ ಹಿಟ್ಟು ಅವನ ಎಮ್ಮೆಗೆ, ಆಮೇಲಿನದು ನನಗೆ.
ಮತ್ತೆ ಬಡಿಯುತ್ತಿದ್ದೇನೆ ರೊಟ್ಟಿ, ಅವ್ವನಂತಲ್ಲ,
ಅಂಚು ಒಡೆಯುತ್ತದೆ.

ಮೊನ್ನೆ ನಾದಿನಿಯ ಕುಬಸದಲ್ಲಿ
ಹುಗ್ಗಿ ಬಡಿಸಲು ಬಂದ ಅತ್ತೆ
ನನ್ನ ಎಲೆಯ ಮುಂದೆ ನಿಂತೇ ಇದ್ದರು.
ಅಂದು ನನ್ನ ಚಂಬು ಬೇರೆ ಇಟ್ಟ ಕೈ,
ಇಂದು ತುಪ್ಪ ಸುರಿಯಲು ಕಾದಿತ್ತು.
ಒಂದೇ ತುತ್ತು ತಿಂದೆ.

ಮೂರನೆಯ ರಾತ್ರಿ, ಹತ್ತರ ಮೇಲೆ.
"ಇಲಿ ಬಂತೇನ?" ಅಂದ ಹನುಮೇಶ, ಕಣ್ಣು ತೆರೆಯದೆ.
ಬಂತು, ಅಂದೆ.
ಈ ಸಲ ನಾನೇ ಕರೆದಿದ್ದೆ.